ಹೊರದೇಶಕ್ಕೆ ಆನ್‌ಲೈನ್ ಚಂದಾ ಮಾರುವವರಿಗೆ: ಬಿಲ್ಲು, ಬ್ಯಾಂಕು, ವ್ಯಾಟ್, ಡೇಟಾ

ಮೈಸೂರಿನ ಮೂವರು ಸೇರಿ ಒಂದು ಆ್ಯಪ್ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸುವುದು ಅದರ ಕೆಲಸ. ರೆಕಾರ್ಡ್ ಮಾಡಿದ ಪಾಠ, ಆಟ, ವಾರಕ್ಕೊಂದು ಲೈವ್ ತರಗತಿ. ಚಂದಾ ತಿಂಗಳಿಗೆ 10 ಯೂರೋ ಅಥವಾ 12 ಡಾಲರ್. ಬಂದರಿಲ್ಲ, ಕಂಟೇನರ್ ಇಲ್ಲ, ಶಿಪ್ಪಿಂಗ್ ಬಿಲ್ ಇಲ್ಲ. ಆದರೂ ಮ್ಯೂನಿಕ್‌ನಲ್ಲಿರುವ ತಾಯಿಯೊಬ್ಬರು ಕಾರ್ಡ್ ನಂಬರ್ ಹೊಡೆದು ಹಣ ಕಟ್ಟಿದ ಕ್ಷಣಕ್ಕೆ ನಮ್ಮ ಜಿಎಸ್‌ಟಿ, ನಮ್ಮ ಫೆಮಾ (ವಿದೇಶಿ ವಿನಿಮಯದ ಕಾನೂನು), ಯುರೋಪಿನ ವ್ಯಾಟ್, ಯುರೋಪಿನ ಡೇಟಾ ಕಾನೂನು ನಾಲ್ಕೂ ಒಟ್ಟಿಗೆ ಅನ್ವಯವಾಗುತ್ತವೆ.

ಈ ಕಾನೂನುಗಳು ಬೇರೆ ಬೇರೆ ಭಾಷೆಯಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ: ಕೊಂಡವರು ಯಾರು, ಎಲ್ಲಿದ್ದಾರೆ, ಹಣ ಯಾವ ದಾರಿಯಲ್ಲಿ ಬಂತು. ಹಣ ಕಟ್ಟುವ ಆ ಒಂದು ನಿಮಿಷದಲ್ಲೇ ಉತ್ತರ ಬರೆದಿಟ್ಟುಕೊಂಡರೆ ಉಂಟು. ಎರಡು ವರ್ಷದ ಮೇಲೆ ನೋಟಿಸ್ ಬಂದಾಗ ಹುಡುಕಿದರೆ ಸಿಗುವುದಿಲ್ಲ. ದರ ಎಷ್ಟೆಂದು ಆಡಿಟರು ಯಾವತ್ತಾದರೂ ಹೇಳಬಲ್ಲರು. ಕಳೆದ ವರ್ಷ ಗ್ರಾಹಕ ಯಾವ ದೇಶದಲ್ಲಿ ಕೂತು ಹಣ ಕಟ್ಟಿದ ಎಂಬುದನ್ನು ಯಾರೂ ಹೇಳಲಾರರು.

ಮೊದಲು ಸುಂಕದ ಗೊಂದಲ

"ಆನ್‌ಲೈನ್ ಮಾರಾಟಕ್ಕೆ ಹೊರದೇಶದಲ್ಲಿ ತೆರಿಗೆ ಇಲ್ಲವಂತೆ" ಎಂಬ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಅದರ ಬೇರು 1998ರ ಮೇ ತಿಂಗಳಲ್ಲಿದೆ. ಎಲೆಕ್ಟ್ರಾನಿಕ್ ರವಾನೆಗಳ ಮೇಲೆ ಸೀಮಾ ಸುಂಕ ಹಾಕುವುದಿಲ್ಲ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರು ಆಗ ಜಿನೀವಾದಲ್ಲಿ ಒಪ್ಪಿದರು. ಅದು ಕಾಯಂ ಒಪ್ಪಂದವಲ್ಲ, ಸಮ್ಮೇಳನದಿಂದ ಸಮ್ಮೇಳನಕ್ಕೆ ಮುಂದೂಡುತ್ತ ಬಂದದ್ದು. 2024ರ ಅಬುಧಾಬಿ ಸಮ್ಮೇಳನ ಅದಕ್ಕೆ ಹಾಕಿದ ಗಡುವು 14ನೇ ಸಮ್ಮೇಳನ ಅಥವಾ 2026ರ ಮಾರ್ಚ್ 31, ಯಾವುದು ಮೊದಲೋ ಅದು. ಆದಾಯ ಕೈತಪ್ಪುತ್ತದೆ ಎಂದು ಭಾರತ, ದಕ್ಷಿಣ ಆಫ್ರಿಕಾ ಬಹಳ ಕಾಲದಿಂದ ತಕರಾರು ಎತ್ತುತ್ತಿವೆ. ಇಂಡೋನೇಷ್ಯಾ 2018ರಲ್ಲೇ ತನ್ನ ಸುಂಕಪಟ್ಟಿಯ 99ನೇ ಅಧ್ಯಾಯದಲ್ಲಿ ಸಾಫ್ಟ್‌ವೇರ್ ಮುಂತಾದವಕ್ಕೆ ಒಂದು ಸಾಲು ತೆರೆದು, ದರ ಸೊನ್ನೆ ಎಂದು ಬರೆದುಕೊಂಡು ಕೂತಿದೆ.

ಇದೆಲ್ಲ ಗಡಿಯಲ್ಲಿ ಹಾಕುವ ಸುಂಕದ ಮಾತು. ವ್ಯಾಟ್, ಜಿಎಸ್‌ಟಿ, ಸೇಲ್ಸ್ ಟ್ಯಾಕ್ಸ್ ಇವು ಬಳಕೆಯ ಮೇಲಿನ ದೇಶದೊಳಗಿನ ತೆರಿಗೆಗಳು. ಜಿನೀವಾದ ತಡೆ ಇರಲಿ, ಹೋಗಲಿ, ಜರ್ಮನಿಯ 19 ಪ್ರತಿಶತ ವ್ಯಾಟ್ ಹಾಗೇ ಇರುತ್ತದೆ. ಮೈಸೂರಿನ ಮೂವರು ತಲೆಕೆಡಿಸಿಕೊಳ್ಳಬೇಕಾದ್ದು ಎರಡನೆಯದಕ್ಕೆ.

1. ನೋಂದಣಿ ಪುಟವನ್ನು ಮೊದಲು ಸರಿಮಾಡಿ

ವಕೀಲರ ಬಳಿ ಹೋಗುವ ಮೊದಲು ನಿಮ್ಮ ಪ್ರೋಗ್ರಾಮರ್ ಬಳಿ ಹೋಗಿ. ಹಣ ಕಟ್ಟುವ ಪುಟದಲ್ಲಿ ಇಷ್ಟು ವಿವರ ದಾಖಲಾಗಬೇಕು: ಬಿಲ್ಲಿನ ವಿಳಾಸ, ಹಣ ಕಟ್ಟಿದ ಸಾಧನದ ಐಪಿ ವಿಳಾಸ, ಕಾರ್ಡ್ ಅಥವಾ ಬ್ಯಾಂಕ್ ಖಾತೆ ಯಾವ ದೇಶದ್ದು, ಫೋನ್ ಸಂಖ್ಯೆಯ ದೇಶದ ಕೋಡ್. ಜೊತೆಗೆ ಒಂದು ಪ್ರಶ್ನೆ: ಸ್ವಂತ ಬಳಕೆಗೋ, ಸಂಸ್ಥೆಯ ಪರವಾಗಿಯೋ? ಸಂಸ್ಥೆ ಎಂದರೆ ಅವರ ತೆರಿಗೆ ನೋಂದಣಿ ಸಂಖ್ಯೆ ಕೇಳಿ.

ಯುರೋಪಿನ ನಿಯಮ ಕೇಳುವುದು ಒಂದಕ್ಕೊಂದು ವಿರೋಧವಿಲ್ಲದ ಎರಡು ಪುರಾವೆ. ರಾಜ್ಯದ, ದೇಶದ ಗಡಿ ದಾಟುವ ವ್ಯವಹಾರಕ್ಕಿರುವ ನಮ್ಮ ಐಜಿಎಸ್‌ಟಿ ಕಾಯ್ದೆಯೂ ಹೊರದೇಶದಿಂದ ಇಲ್ಲಿಗೆ ಬರುವ ಆನ್‌ಲೈನ್ ಸೇವೆಗಳಿಗಾಗಿ ಇಂಥದೇ ಏಳು ಅಂಶಗಳ ಪಟ್ಟಿ ಕೊಟ್ಟು, ಅದರಲ್ಲಿ ಎರಡು ಹೊಂದಿದರೆ ಸಾಕು ಎನ್ನುತ್ತದೆ. ಒಂದೇ ದಾಖಲೆ ಎರಡು ಕಡೆಗೂ ಆಗಿಬರುತ್ತದೆ.

ಎರಡು ಪುರಾವೆ ಜಗಳವಾಡಿದರೆ? ಬಿಲ್ಲಿನ ವಿಳಾಸ ಮ್ಯೂನಿಕ್, ಕಾರ್ಡ್ ಜರ್ಮನಿಯದು, ಐಪಿ ಮಾತ್ರ ಬೆಂಗಳೂರಿನದು. ತಾಯಿ ದಸರಾ ರಜೆಗೆ ಊರಿಗೆ ಬಂದು ಇಲ್ಲಿಂದ ಚಂದಾ ಕಟ್ಟಿದ್ದಾರೆ. ವಿಳಾಸ, ಕಾರ್ಡ್ ಎರಡೂ ಜರ್ಮನಿ ಎನ್ನುತ್ತಿರುವುದರಿಂದ ಜರ್ಮನಿಯೇ ಸರಿ. ವಿಳಾಸ ಜರ್ಮನಿ, ಕಾರ್ಡ್ ಭಾರತದ್ದು, ಐಪಿ ಭಾರತದ್ದು ಎಂದಾದರೆ ಹಣ ತೆಗೆದುಕೊಳ್ಳುವ ಮೊದಲೇ ಪುಟ ನಿಂತು ಇನ್ನೊಂದು ಪುರಾವೆ ಕೇಳಬೇಕು. ಈ ಒಂದು ತಡೆಯನ್ನು ಕೋಡ್‌ನಲ್ಲಿ ಹಾಕದವರೇ ವರ್ಷದ ಕೊನೆಯಲ್ಲಿ ಸಾವಿರಾರು ಸಾಲಿನ ಎಕ್ಸೆಲ್ ಹಾಳೆ ಮುಂದಿಟ್ಟುಕೊಂಡು ಊಹೆ ಮಾಡುತ್ತ ಕೂರುತ್ತಾರೆ.

2. ಭಾರತದ ಕಣ್ಣಲ್ಲಿ ಇದು ರಫ್ತು ಹೌದೇ?

ಐಜಿಎಸ್‌ಟಿ ಕಾಯ್ದೆಯ 2(6) ವಿಧಿ ಸೇವೆಯ ರಫ್ತಿಗೆ ಐದು ಷರತ್ತು ಇಟ್ಟಿದೆ. ಕೊಡುವವರು ಭಾರತದಲ್ಲಿರಬೇಕು. ಪಡೆಯುವವರು ಹೊರಗಿರಬೇಕು. ಸೇವೆ ಸಂದ ಸ್ಥಳ ಭಾರತದ ಹೊರಗಿರಬೇಕು. ಹಣ ವಿದೇಶಿ ವಿನಿಮಯದಲ್ಲಿ, ಅಥವಾ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ ಬರಬೇಕು. ಕೊಡುವವರು, ಪಡೆಯುವವರು ಒಂದೇ ಸಂಸ್ಥೆಯ ಎರಡು ಶಾಖೆಗಳಾಗಿರಬಾರದು. ಐದರಲ್ಲಿ ಒಂದು ತಪ್ಪಿದರೂ ರಫ್ತಲ್ಲ, 18 ಪ್ರತಿಶತ ಜಿಎಸ್‌ಟಿ ನಿಮ್ಮ ಕೈಯಿಂದಲೇ.

ಎಡವುವ ಜಾಗ ಎರಡನೆಯದು ಮತ್ತು ನಾಲ್ಕನೆಯದು. ಡಲ್ಲಾಸ್‌ನಲ್ಲಿರುವ ಮೊಮ್ಮಗಳ ಚಂದಾವನ್ನು ಶಿವಮೊಗ್ಗದ ಅಜ್ಜ ಪ್ರೀತಿಯಿಂದ ಯುಪಿಐ ಮಾಡುತ್ತಾರೆ. ಪಾಠ ಕೇಳುವುದು ಡಲ್ಲಾಸ್‌ನಲ್ಲೇ. ಆದರೆ ಕಾಯ್ದೆಯಲ್ಲಿ ಪಡೆಯುವವರು ಎಂದರೆ ಹಣ ಕೊಡಬೇಕಾದವರು, ಅಂದರೆ ಇಲ್ಲಿ ಅಜ್ಜ. ಹಣ ಬಂದದ್ದೂ ರೂಪಾಯಿಯಲ್ಲಿ. ಎರಡು ಷರತ್ತು ಒಟ್ಟಿಗೆ ಹೋದವು. ಇಂಥ ಚಂದಾವನ್ನು ರಫ್ತಿನ ಸಾಲಿನಲ್ಲಿ ಸೇರಿಸಬೇಡಿ. "ಭಾರತದಿಂದ ಉಡುಗೊರೆ" ಎಂಬ ಬೇರೆ ಯೋಜನೆ ಮಾಡಿ, ರೂಪಾಯಿ ಬೆಲೆ ಇಟ್ಟು, 18 ಪ್ರತಿಶತ ಸೇರಿಸಿಯೇ ಬಿಲ್ ಮಾಡಿ.

ಇನ್ನೊಂದು ಗುಂಡಿ ಕಮಿಷನ್. ನಿಮ್ಮ ಸೇವೆ ಮಾರುವುದು ಬೇರೆ, ಹೊರದೇಶದ ಇನ್ನೊಬ್ಬರ ಸಾಫ್ಟ್‌ವೇರ್ ಮಾರಾಟ ಕುದುರಿಸಿಕೊಟ್ಟು ಅವರಿಂದ ಕಮಿಷನ್ ಪಡೆಯುವುದು ಬೇರೆ. ಅದು ಮಧ್ಯವರ್ತಿ ಸೇವೆ. 13(8)(ಬಿ) ಉಪವಿಧಿ ಜಾರಿಯಲ್ಲಿರುವ ದಿನಗಳ ಬಿಲ್ಲಿಗೆ ಅದು ಸಂದ ಸ್ಥಳ ಮಧ್ಯವರ್ತಿ ಇರುವ ಊರೇ, ಹಾಗಾಗಿ ಡಾಲರ್ ಬಂದರೂ ರಫ್ತಲ್ಲ. ಈ ಉಪವಿಧಿಯನ್ನು ತೆಗೆಯಲು 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ಶಿಫಾರಸು ಮಾಡಿದೆ. ಶಿಫಾರಸಿನ ಸುದ್ದಿ ನೋಡಿ ಬಿಲ್ ಬದಲಿಸಬೇಡಿ. ಬಿಲ್ಲಿನ ದಿನಾಂಕದಂದು ಕಾಯ್ದೆಯಲ್ಲಿ ಅದು ಇದೆಯೋ ಇಲ್ಲವೋ ಎಂಬುದೇ ಲೆಕ್ಕ.

ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟದ ಸೇವಾದಾರರಿಗೆ ರಫ್ತು ಮಾಡಿದರೂ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಸರ್ವರ್ ಬಾಡಿಗೆ, ಕಚೇರಿ ಬಾಡಿಗೆ ಮೇಲೆ ಕಟ್ಟಿದ ತೆರಿಗೆ ವಾಪಸ್ ಬೇಕೆಂದರೆ ನೋಂದಣಿ ಬೇಕೇ ಬೇಕು. 20 ಲಕ್ಷದ ಲೆಕ್ಕಕ್ಕೆ ರಫ್ತಿನ ಹಣವೂ ಸೇರುತ್ತದೆ ಎಂಬುದನ್ನು ಮರೆಯಬೇಡಿ.

3. ಎಲ್‌ಯುಟಿ ಮತ್ತು ಬಿಲ್ಲು

ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಮುಚ್ಚಳಿಕೆ ಕೊಡಬೇಕು. ಇದೇ ಎಲ್‌ಯುಟಿ. ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ ಬೇಕು, ಶುಲ್ಕ ಇಲ್ಲ, ಅರ್ಧ ಗಂಟೆಯ ಕೆಲಸ. ಒಂದು ಹಣಕಾಸು ವರ್ಷಕ್ಕೆ ಮಾತ್ರ ಊರ್ಜಿತ. ಮಾರ್ಚ್ ಕೊನೆಯ ವಾರದಲ್ಲೇ ಮುಂದಿನ ವರ್ಷದ್ದು ಹಾಕಿಬಿಡಿ. ಏಪ್ರಿಲ್ 1ರಿಂದ ಬಿಲ್ಲು ಹರಿಯುತ್ತಿದ್ದು, ಎಲ್‌ಯುಟಿ ಮೇ ತಿಂಗಳಲ್ಲಿ ಹಾಕಿದರೆ ನಡುವಿನ ಬಿಲ್ಲುಗಳಿಗೆ ತೊಡಕು. ತಡವನ್ನು ಮನ್ನಿಸಬಹುದು ಎಂದು 2018ರ ಮಾರ್ಚ್ 15ರ ಸುತ್ತೋಲೆ ಹೇಳಿದೆ ನಿಜ. ಆದರೆ ಅದಕ್ಕೆ ಅಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು.

ಬಿಲ್ಲಿನಲ್ಲಿ ಇರಬೇಕಾದ್ದು: ನಿಮ್ಮ ಜಿಎಸ್‌ಟಿ ಸಂಖ್ಯೆ, ಕ್ರಮಸಂಖ್ಯೆ, ದಿನಾಂಕ, ಗ್ರಾಹಕರ ಹೆಸರು, ವಿಳಾಸ, ದೇಶ, ಸೇವೆಯ ವರ್ಗ ತೋರಿಸುವ ಎಸ್‌ಎಸಿ ಸಂಖ್ಯೆ, ವಿದೇಶಿ ಹಣದಲ್ಲಿ ಮೊತ್ತ, ರೂಪಾಯಿಯಲ್ಲಿ ಮೊತ್ತ, ಹಿಡಿದ ವಿನಿಮಯ ದರ. ಆನ್‌ಲೈನ್ ವಿಷಯ ಸೇವೆಗಳ ಗುಂಪು 99843. ಕೊನೆಗೆ ಒಂದು ಸಾಲು ಇಂಗ್ಲಿಷಿನಲ್ಲಿ ಅಚ್ಚಾಗಲೇಬೇಕು: "ಸಪ್ಲೈ ಮೆಂಟ್ ಫಾರ್ ಎಕ್ಸ್‌ಪೋರ್ಟ್ ಅಂಡರ್ ಬಾಂಡ್ ಆರ್ ಲೆಟರ್ ಆಫ್ ಅಂಡರ್‌ಟೇಕಿಂಗ್ ವಿದೌಟ್ ಪೇಮೆಂಟ್ ಆಫ್ ಇಂಟಿಗ್ರೇಟೆಡ್ ಟ್ಯಾಕ್ಸ್". ಸರಕು ರಫ್ತಿಗೆ ಕಸ್ಟಮ್ಸ್ ಪ್ರಕಟಿಸುವ ವಿನಿಮಯ ದರ. ಸೇವೆಗೆ ಹಾಗಲ್ಲ, ಲೆಕ್ಕಶಾಸ್ತ್ರದ ರೂಢಿಯಂತೆ, ಸೇವೆ ಸಂದಿತು ಎಂದು ಕಾಯ್ದೆ ಎಣಿಸುವ ದಿನದ ದರ. ಯಾವ ಮೂಲದ ದರ ಹಿಡಿದರೂ ಪರವಾಗಿಲ್ಲ, ವರ್ಷವಿಡೀ ಅದನ್ನೇ ಹಿಡಿಯಿರಿ.

ರಿಟರ್ನ್‌ನಲ್ಲಿ ರಫ್ತು ಬರೆಯುವ ಜಾಗ ಜಿಎಸ್‌ಟಿಆರ್-1ರ 6ಎ ಕೋಷ್ಟಕ, ಜಿಎಸ್‌ಟಿಆರ್-3ಬಿಯ 3.1(ಬಿ) ಸಾಲು. ಇದನ್ನು ಕಣ್ತಪ್ಪಿನಿಂದ 3.1(ಎ) ಅಥವಾ ವಿನಾಯಿತಿ ಸೇವೆಯ 3.1(ಸಿ) ಸಾಲಿಗೆ ಹಾಕಿದರೆ ರಿಫಂಡ್ ಅರ್ಜಿ ಅಲ್ಲೇ ನಿಲ್ಲುತ್ತದೆ.

ಚಂದಾ ಮುಂಗಡ ಬರುವುದರಿಂದ ಬಾಕಿಯ ಚಿಂತೆ ಕಡಿಮೆ. ಸಂಸ್ಥೆಗಳಿಗೆ ಉದ್ದರಿ ಕೊಡುವವರು ಮಾತ್ರ ದಿನ ಎಣಿಸಬೇಕು. ರಫ್ತಿನ ಹಣ ತರಿಸಿಕೊಳ್ಳಲು ಫೆಮಾ ಕೊಡುತ್ತಿದ್ದ 9 ತಿಂಗಳನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರಿನಲ್ಲಿ 15 ತಿಂಗಳಿಗೆ ಏರಿಸಿತು. ಜಿಎಸ್‌ಟಿ ನಿಯಮ 96ಎ ಮೂಲದಲ್ಲಿ ಹಿಡಿದದ್ದು ಬಿಲ್ಲಿನಿಂದ 1 ವರ್ಷ. ಅದು ದಾಟಿದರೆ 15 ದಿನದೊಳಗೆ ತೆರಿಗೆಯನ್ನು 18 ಪ್ರತಿಶತ ಬಡ್ಡಿ ಸಮೇತ ಕಟ್ಟಬೇಕು. ನಿಯಮದಲ್ಲಿ ಫೆಮಾ ಗಡುವಿಗೂ ಈಗ ಜಾಗ ಇದ್ದರೂ 1 ವರ್ಷವನ್ನೇ ಗಡಿ ಎಂದುಕೊಂಡು ವಸೂಲಿ ಮಾಡುವುದು ನೆಮ್ಮದಿ.

4. ಹಣ ಬಂದ ದಾರಿ

ಒಂದು ಬಿಲ್ಲನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಒಂದು ಕನ್ನಡ ಕೂಟ ತನ್ನ ಶಾಲೆಯ ಮಕ್ಕಳಿಗೆಂದು ವರ್ಷದ ಚಂದಾ 1,000 ಡಾಲರ್ ಕಳಿಸಿತು. ನಡುವಿನ ಬ್ಯಾಂಕ್ 25 ಡಾಲರ್ ಕಡಿದುಕೊಂಡು 975 ಮೈಸೂರಿಗೆ ಬಂತು. ಹೊರದೇಶದಿಂದ ಹಣ ಬಂದದ್ದಕ್ಕೆ ರುಜುವಾತಾಗಿ ನಿಮ್ಮ ಬ್ಯಾಂಕ್ ಕೊಡುವ ಎಫ್‌ಐಆರ್‌ಎ ಪತ್ರದಲ್ಲಿ 975 ಎಂದಿರುತ್ತದೆ, ಬಿಲ್ಲಿನಲ್ಲಿ 1,000. ಅನೇಕರು ಹೆದರಿ ಬಿಲ್ಲನ್ನೇ 975ಕ್ಕೆ ತಿದ್ದುತ್ತಾರೆ. ಹಾಗೆ ಮಾಡಬೇಡಿ. ವಹಿವಾಟು 1,000 ಡಾಲರೇ; 25 ಡಾಲರ್ ಬ್ಯಾಂಕ್ ಶುಲ್ಕವೆಂದು ಖರ್ಚಿಗೆ ಬರೆದು, ಕಳಿಸಿದವರಿಂದ ಸ್ವಿಫ್ಟ್ (ಬ್ಯಾಂಕುಗಳ ನಡುವಿನ ಪಾವತಿ ಸಂದೇಶ) ಪ್ರತಿ ತರಿಸಿ ಬಿಲ್ಲಿಗೆ ಹೊಲಿಯಿರಿ. ಮುಂದಿನ ಸಲ ಕಳಿಸುವಾಗ ಶುಲ್ಕ ಕಳಿಸುವವರದೇ ಎಂಬ ಆಯ್ಕೆ ಒತ್ತಲು ಅವರಿಗೆ ಹೇಳಿ.

ಹಣ ಬಂದಾಗ ಬ್ಯಾಂಕಿನವರು ಉದ್ದೇಶದ ಕೋಡ್ ಕೇಳುತ್ತಾರೆ. ಸಾಫ್ಟ್‌ವೇರ್ ಸಲಹೆ, ಅಳವಡಿಕೆಗೆ ಪಿ0802, ಇಲ್ಲಿಂದಲೇ ಮಾಡಿ ಕಳಿಸುವ ಸಾಫ್ಟ್‌ವೇರ್ ರಫ್ತಿಗೆ ಪಿ0807. ಶಿಕ್ಷಣ ಸೇವೆಗೆ ಬೇರೆಯೇ ಕೋಡ್ ಉಂಟು. ಬಿಲ್ಲಿನ ವಿವರಣೆಗೆ ಹೊಂದುವುದನ್ನು ನೀವೇ ಬರಹದಲ್ಲಿ ಕೊಡಿ. ನೀವು ಸುಮ್ಮನಿದ್ದರೆ ಕೌಂಟರಿನವರು ಅಭ್ಯಾಸಬಲದಿಂದ ಪಿ1301 ಹಾಕಿಬಿಡುವುದುಂಟು. ಅದು ಅನಿವಾಸಿಗಳು ಮನೆಗೆ ಕಳಿಸುವ ಮನೆಖರ್ಚಿನ ಹಣದ ಕೋಡ್! ನಿಮ್ಮ ರಫ್ತಿನ ಹಣ ದಾಖಲೆಯಲ್ಲಿ ಮಗ ಅಪ್ಪನಿಗೆ ಕಳಿಸಿದ ದುಡ್ಡಾಗುತ್ತದೆ, ರಿಫಂಡ್ ಅರ್ಜಿ ಅದರ ಮೇಲೆ ನಿಲ್ಲುವುದಿಲ್ಲ. ತಿದ್ದಿಸಲು ಆಗುತ್ತದೆ, ಆದರೆ ಆ ವಾರವೇ ಹೋಗಿ ಕೇಳಿದರೆ ಸುಲಭ.

ಕಾರ್ಡ್ ಮೂಲಕ ಚಿಲ್ಲರೆ ಚಂದಾ ಬರುವುದು ಪೇಮೆಂಟ್ ಅಗ್ರಿಗೇಟರ್ ಮೂಲಕ. 2023ರ ಅಕ್ಟೋಬರ್ 31ರ ಸುತ್ತೋಲೆಯಿಂದ ಗಡಿಯಾಚೆಯ ಪಾವತಿ ನಡೆಸುವವರೂ ರಿಸರ್ವ್ ಬ್ಯಾಂಕಿನ ನೇರ ನಿಯಂತ್ರಣಕ್ಕೆ ಬಂದರು. ಒಂದು ಸರಕು ಅಥವಾ ಸೇವೆಗೆ ಮಿತಿ 25 ಲಕ್ಷ ರೂಪಾಯಿ. ಇವರು ಮುನ್ನೂರು ಜನರ ಹಣವನ್ನು ಒಂದೇ ಗಂಟು ಮಾಡಿ ಖಾತೆಗೆ ಹಾಕುತ್ತಾರೆ. ಆ ಗಂಟಿಗೆ ಒಂದು ಎಫ್‌ಐಆರ್‌ಎ, ಜೊತೆಗೆ ಒಳಗಿನ ಮುನ್ನೂರು ವಹಿವಾಟಿನ ಪಟ್ಟಿ, ಎರಡನ್ನೂ ಪ್ರತಿ ತಿಂಗಳು ಇಳಿಸಿಕೊಳ್ಳಿ. ಪಟ್ಟಿ ಇಲ್ಲದ ಎಫ್‌ಐಆರ್‌ಎ ಯಾವ ಬಿಲ್ಲಿಗೂ ಅಂಟುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕಾದ ಪ್ರಶ್ನೆ ಕಮಿಷನ್ ಎಷ್ಟು ಎನ್ನುವುದಕ್ಕಿಂತ "ಎಫ್‌ಐಆರ್‌ಎ ತಿಂಗಳಿಗೊಮ್ಮೆ ಕೊಡುತ್ತೀರಾ?" ಎಂಬುದು.

ಸಾಫ್ಟ್‌ವೇರ್ ರಫ್ತಿಗೆ ಅದರ ಮೌಲ್ಯ ತಿಳಿಸುವ ಸಾಫ್ಟೆಕ್ಸ್ ಘೋಷಣೆಯೂ ಇದೆ, ಬಿಲ್ಲಿನ 30 ದಿನದೊಳಗೆ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆಯಾದ ಎಸ್‌ಟಿಪಿಐ ಮೂಲಕ. ಬೆಂಗಳೂರಿಗೆ ಹೋಗಬೇಕಿಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿ, ಮಣಿಪಾಲದಲ್ಲೂ ಅದರ ಕೇಂದ್ರಗಳಿವೆ. ನಿಮ್ಮದು ಸಾಫ್ಟ್‌ವೇರ್ ರಫ್ತೋ ಬೇರೆ ಸೇವೆಯೋ ಎಂಬುದನ್ನು ಬ್ಯಾಂಕಿನ ಜೊತೆ ಮೊದಲ ತಿಂಗಳಲ್ಲೇ ತೀರ್ಮಾನಿಸಿಕೊಳ್ಳಿ. ಐಇಸಿ (ಆಮದು-ರಫ್ತುದಾರರ) ಸಂಖ್ಯೆ ಸೇವೆಯ ರಫ್ತಿಗೆ ಕಡ್ಡಾಯವಲ್ಲ, ವಿದೇಶ ವ್ಯಾಪಾರ ನೀತಿಯ ಸವಲತ್ತು ಬೇಕಾದರೆ ಮಾತ್ರ. ಆದರೂ 500 ರೂಪಾಯಿಯ ಆ ಸಂಖ್ಯೆ ಮಾಡಿಸಿಡಿ. ವಿದೇಶ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ಪೋರ್ಟಲ್‌ನಲ್ಲಿ ರಫ್ತಿನ ಹಣ ಬಂತೆಂಬ ಇ-ಬಿಆರ್‌ಸಿ ಪ್ರಮಾಣಪತ್ರವನ್ನು ನೀವೇ ದೃಢೀಕರಿಸಿಕೊಳ್ಳಲು ಅದು ಬೇಕು.

5. ರಿಫಂಡ್

ಬಾಡಿಗೆಯಂಥ ಖರ್ಚಿನ ಮೇಲೆ ನೀವು ಕಟ್ಟಿದ ಜಿಎಸ್‌ಟಿಯೇ ಇನ್‌ಪುಟ್ ತೆರಿಗೆ; ಅದರಲ್ಲಿ ರಫ್ತಿನ ಪಾಲು ವಾಪಸ್ ಬರುತ್ತದೆ. ಸೂತ್ರ ಸರಳ. ರಫ್ತಿನ ವಹಿವಾಟನ್ನು ಒಟ್ಟು ವಹಿವಾಟಿನಿಂದ ಭಾಗಿಸಿ, ಅರ್ಹ ಇನ್‌ಪುಟ್ ತೆರಿಗೆಯಿಂದ ಗುಣಿಸುವುದು. ರಫ್ತು 9 ಲಕ್ಷ, ದೇಶದೊಳಗಿನ ಮಾರಾಟ 1 ಲಕ್ಷ, ಇನ್‌ಪುಟ್ ತೆರಿಗೆ 50,000 ಎಂದರೆ 45,000 ರಿಫಂಡ್. ಆರ್‌ಎಫ್‌ಡಿ-01 ಅರ್ಜಿಗೆ ಎರಡು ವರ್ಷದ ಗಡುವು.

ಅರ್ಹ ಎಂಬ ಪದದಲ್ಲಿ ಕಷ್ಟ ಇರುವುದು. ಲ್ಯಾಪ್‌ಟಾಪ್, ಕ್ಯಾಮೆರಾ, ಸ್ಟುಡಿಯೋ ದೀಪ ಇವನ್ನು ಬಂಡವಾಳ ಸರಕು ಎಂದು ಪುಸ್ತಕದಲ್ಲಿ ಬರೆದಿದ್ದರೆ ಅವುಗಳ ತೆರಿಗೆ ಈ ಸೂತ್ರಕ್ಕೆ ಬರುವುದಿಲ್ಲ. ಎಲ್‌ಯುಟಿ ಮೇಲೆ ರಫ್ತು ಮಾಡುವವರಿಗೆ ಅದು ಜಿಎಸ್‌ಟಿ ಪೋರ್ಟಲ್‌ನ ಲೆಡ್ಜರಿನಲ್ಲೇ ಉಳಿದು ದೇಶದೊಳಗಿನ ಮಾರಾಟದ ತೆರಿಗೆಗೆ ಮಾತ್ರ ಆಗುತ್ತದೆ. ಮಾರಾಟವೆಲ್ಲ ಹೊರದೇಶಕ್ಕೇ ಆಗಿದ್ದರೆ ಆ ದುಡ್ಡು ಅಲ್ಲೇ ಕೊಳೆಯುತ್ತದೆ. ಸೇವೆಯ ರಫ್ತನ್ನು ಈ ಸೂತ್ರದಲ್ಲಿ ಎಣಿಸುವುದು ಬಿಲ್ಲಿನ ಮೇಲಲ್ಲ, ಆ ಅವಧಿಯಲ್ಲಿ ಬಂದ ಹಣದ ಮೇಲೆ. ಅದರಲ್ಲೂ ಇನ್ನೂ ಸೇವೆ ಮುಗಿಯದ ಮುಂಗಡವನ್ನು ಕಳೆಯಬೇಕು. ವರ್ಷದ ಚಂದಾ ಮಾರುವವರು ಇದನ್ನು ಮರೆತು ಪೂರ್ತಿ ಮೊತ್ತ ತೋರಿಸುತ್ತಾರೆ.

ಹೊರದೇಶದಿಂದ ಕೊಳ್ಳುವ ಸಾಫ್ಟ್‌ವೇರ್‌ಗೆ ನಿಮ್ಮ ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದೀರಾ ನೋಡಿ. ಕೊಟ್ಟಿದ್ದರೆ ಅವರು ತೆರಿಗೆ ಹಾಕುವುದಿಲ್ಲ, ನೀವು ರಿವರ್ಸ್ ಚಾರ್ಜ್‌ನಲ್ಲಿ (ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟುವ ಕ್ರಮ) 18 ಪ್ರತಿಶತ ನಗದಾಗಿ ಕಟ್ಟಿ ಅದನ್ನೇ ಇನ್‌ಪುಟ್ ಆಗಿ ಪಡೆದು ರಿಫಂಡಿಗೂ ಸೇರಿಸಬಹುದು. ಕೊಡದಿದ್ದರೆ ಸಾಮಾನ್ಯ ಬಳಕೆದಾರ ಎಂದು ಅವರೇ 18 ಪ್ರತಿಶತ ಹಾಕುತ್ತಾರೆ. ಅದು ಹೋದದ್ದು ಹೋಯಿತು.

6. ಯುರೋಪಿನ ವ್ಯಾಟ್

ಇಲ್ಲಿಯವರೆಗಿನದು ನಮ್ಮ ಮನೆಯ ಕೆಲಸ. 2015ರ ಜನವರಿ 1ರಿಂದ ಯುರೋಪ್ ಒಕ್ಕೂಟದಲ್ಲಿ ಎಲೆಕ್ಟ್ರಾನಿಕ್ ಸೇವೆಗೆ ಸಾಮಾನ್ಯ ಗ್ರಾಹಕ ಇರುವ ದೇಶದ ವ್ಯಾಟ್ ಬೀಳುತ್ತದೆ. 10,000 ಯೂರೋವರೆಗೆ ವಿನಾಯಿತಿ ಎಂದು ಓದಿ ಸಮಾಧಾನ ಪಡಬೇಡಿ, ಅದು ಒಕ್ಕೂಟದೊಳಗಿನ ವ್ಯಾಪಾರಿಗಳಿಗೆ. ಹೊರಗಿನ ನಮಗೆ ಮೊದಲ ಯೂರೋದಿಂದಲೇ ಲೆಕ್ಕ. ಲೈವ್ ತರಗತಿಯಲ್ಲಿ ಮೇಷ್ಟ್ರು ಪಾಠ ಹೇಳುವುದು ಎಲೆಕ್ಟ್ರಾನಿಕ್ ಸೇವೆ ಅಲ್ಲ ಎಂಬ ವಾದ ಮೊದಲು ನಡೆಯುತ್ತಿತ್ತು. ಆನ್‌ಲೈನಿನಲ್ಲಿ ಹಾಜರಾಗುವ ತರಗತಿಗೂ ಗ್ರಾಹಕರ ದೇಶವೇ ಎಂದು 2025ರ ಜನವರಿ 1ರಿಂದ ನಿಯಮ ಬದಲಾಗಿರುವುದರಿಂದ ಆ ಬಾಗಿಲೂ ಮುಚ್ಚಿತು.

ಗ್ರಾಹಕ ವ್ಯಾಟ್ ಸಂಖ್ಯೆ ಇರುವ ಸಂಸ್ಥೆಯಾದರೆ ತೆರಿಗೆ ಅವರ ಹೊಣೆ. ಸಂಖ್ಯೆಯನ್ನು ವಿಐಇಎಸ್ (VIES) ಎಂಬ ಒಕ್ಕೂಟದ ತಾಣದಲ್ಲಿ ಪರೀಕ್ಷಿಸಿ, ದಿನಾಂಕವಿರುವ ಆ ಪುಟವನ್ನು ಉಳಿಸಿಡಿ.

ಉಳಿದವರಿಗಾಗಿ 27 ದೇಶಗಳಲ್ಲಿ ನೋಂದಣಿ ಬೇಡ. ಒಂದೇ ದೇಶದಲ್ಲಿ ಒಎಸ್‌ಎಸ್ ಎಂಬ ಏಕಗವಾಕ್ಷಿಯ ಒಕ್ಕೂಟೇತರ ಯೋಜನೆಗೆ ಸೇರಿದರೆ ಸಾಕು. ಇಂಗ್ಲಿಷಿನಲ್ಲಿ ವ್ಯವಹರಿಸಬಹುದೆಂದು ಹಲವರು ಐರ್ಲೆಂಡ್ ಆರಿಸಿಕೊಳ್ಳುತ್ತಾರೆ. ನೋಂದಣಿ ಜಾರಿಗೆ ಬರುವುದು ಮುಂದಿನ ತ್ರೈಮಾಸಿಕದ ಮೊದಲ ದಿನ. ಅದಕ್ಕೆ ಮೊದಲೇ ಮಾರಿಬಿಟ್ಟಿದ್ದರೆ ಮೊದಲ ಮಾರಾಟದ ಮುಂದಿನ ತಿಂಗಳ 10ರೊಳಗೆ ತಿಳಿಸಬೇಕು. ರಿಟರ್ನ್ ಏಪ್ರಿಲ್ 30, ಜುಲೈ 31, ಅಕ್ಟೋಬರ್ 31, ಜನವರಿ 31ಕ್ಕೆ; ಭಾನುವಾರ ಬಂದರೂ ಮುಂದೂಡಿಕೆ ಇಲ್ಲ, ಮಾರಾಟ ಇಲ್ಲದಿದ್ದರೂ ಸೊನ್ನೆ ರಿಟರ್ನ್ ಹಾಕಬೇಕು. ಹಣ ಕಳಿಸುವಾಗ ರಿಟರ್ನ್‌ನ ಉಲ್ಲೇಖ ಸಂಖ್ಯೆ ಬರೆಯದಿದ್ದರೆ ಹಣ ಯಾರದೆಂದು ಅವರಿಗೆ ತಿಳಿಯದೆ ಬಾಕಿ ಎಂದೇ ತೋರಿಸುತ್ತದೆ.

ಬೆಲೆಯ ಲೆಕ್ಕ ಇಲ್ಲಿ ಮುಖ್ಯ. ಯುರೋಪಿನ ಗ್ರಾಹಕರಿಗೆ ತೋರಿಸುವ ಬೆಲೆ ತೆರಿಗೆ ಸೇರಿದ್ದಾಗಿರಬೇಕು. 10 ಯೂರೋದಲ್ಲಿ ಜರ್ಮನಿಯ 19 ಪ್ರತಿಶತ ಎಷ್ಟು? 1.90 ಅಲ್ಲ. 10ನ್ನು 1.19ರಿಂದ ಭಾಗಿಸಿ: ನಿಮ್ಮದು 8.40, ತೆರಿಗೆ 1.60. ಅದೇ 10 ಯೂರೋದಲ್ಲಿ 17 ಪ್ರತಿಶತದ ಲಕ್ಸೆಂಬರ್ಗ್‌ನಿಂದ 8.55 ಉಳಿದರೆ 27 ಪ್ರತಿಶತದ ಹಂಗೇರಿಯಿಂದ 7.87. ದೇಶಕ್ಕೊಂದು ಬೆಲೆ ಬೇಡವೆಂದರೆ ಹಂಗೇರಿಯನ್ನು ಮುಂದಿಟ್ಟುಕೊಂಡು ಬೆಲೆ ಕಟ್ಟಿ.

ಇಷ್ಟೆಲ್ಲ ಯಾರು ಮಾಡುತ್ತಾರೆ ಎಂದರೆ ಇನ್ನೊಂದು ದಾರಿ ಇದೆ. ಮರ್ಚೆಂಟ್ ಆಫ್ ರೆಕಾರ್ಡ್ ಎನ್ನುವ ಕಂಪನಿಗಳು ನಿಮ್ಮಿಂದ ಕೊಂಡು ಗ್ರಾಹಕರಿಗೆ ತಮ್ಮ ಹೆಸರಲ್ಲಿ ಮಾರುತ್ತವೆ. ಹೊರದೇಶದ ವ್ಯಾಟ್ ಅವರ ಹೊಣೆ, ನಿಮಗೆ ತಿಂಗಳಿಗೆ ಒಂದೇ ರಫ್ತು ಬಿಲ್ಲು. ಚಂದಾದಾರರು ಕೆಲವು ನೂರು ಇರುವವರೆಗೆ ಇದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಶುಲ್ಕ ನೂರಕ್ಕೆ 5 ಮತ್ತು ವಹಿವಾಟಿಗೆ 50 ಸೆಂಟ್ ಎಂದಿಟ್ಟುಕೊಂಡರೆ 10 ಯೂರೋ ಚಂದಾಕ್ಕೆ 1 ಯೂರೋ, ಅಂದರೆ ಹತ್ತರಲ್ಲೊಂದು. 100 ಯೂರೋದ ವಾರ್ಷಿಕ ಚಂದಾಕ್ಕೆ 5.50 ಮಾತ್ರ. ಈ ದಾರಿ ಹಿಡಿದರೆ ವಾರ್ಷಿಕ ಚಂದಾವನ್ನೇ ಮುಂದೆ ಮಾಡಿ. ಒಂದು ಎಚ್ಚರಿಕೆ: ಪೇಮೆಂಟ್ ಗೇಟ್‌ವೇ ಬೇರೆ, ಇದು ಬೇರೆ. ಗೇಟ್‌ವೇ ಹಣ ಸಾಗಿಸುತ್ತದೆ ಅಷ್ಟೆ, ವ್ಯಾಟ್ ನಿಮ್ಮ ತಲೆಯ ಮೇಲೇ ಇರುತ್ತದೆ. ಕರಾರಿನಲ್ಲಿ "ಮರುಮಾರಾಟಗಾರ" ಎಂಬ ಅರ್ಥದ ಮಾತು ಇದೆಯೋ "ಏಜೆಂಟ್" ಎಂದಿದೆಯೋ ಓದಿ ನೋಡಿ.

ಯುರೋಪಿನ ಗ್ರಾಹಕರಿಗೆ 14 ದಿನದಲ್ಲಿ ಖರೀದಿ ಹಿಂತೆಗೆಯುವ ಹಕ್ಕಿದೆ, ಅದನ್ನು ಮೊದಲೇ ತಿಳಿಸಬೇಕು. ತಿಳಿಸದಿದ್ದರೆ ಆ ಅವಧಿ ಇನ್ನೂ 12 ತಿಂಗಳು ಹಿಗ್ಗುತ್ತದೆ. ಆ 14 ದಿನ ಕಾಯದೆ "ಈಗಲೇ ಶುರುಮಾಡಿ" ಎಂಬ ಒಪ್ಪಿಗೆಯ ಚೌಕವನ್ನು ನೀವೇ ಟಿಕ್ ಮಾಡಿಡುವಂತಿಲ್ಲ.

7. ಬ್ರಿಟನ್, ಅಮೆರಿಕ, ಉಳಿದವರು

ಬ್ರಿಟನ್ನಿನಲ್ಲಿ 20 ಪ್ರತಿಶತ, ಹೊರಗಿನವರಿಗೆ ವಹಿವಾಟಿನ ಮಿತಿ ಇಲ್ಲ, ನೋಂದಣಿ ಬೇರೆಯೇ. ಆಸ್ಟ್ರೇಲಿಯಾದಲ್ಲಿ 10 ಪ್ರತಿಶತ, ವರ್ಷಕ್ಕೆ 75,000 ಆಸ್ಟ್ರೇಲಿಯನ್ ಡಾಲರ್ ತಲುಪಿದ ಮೇಲೆ. ನ್ಯೂಜಿಲೆಂಡಿನಲ್ಲಿ 15 ಪ್ರತಿಶತ, 60,000 ನ್ಯೂಜಿಲೆಂಡ್ ಡಾಲರ್ ದಾಟಿದ ಮೇಲೆ.

ಅಮೆರಿಕದಲ್ಲಿ ವ್ಯಾಟ್ ಇಲ್ಲ, ರಾಜ್ಯಗಳ ಸೇಲ್ಸ್ ಟ್ಯಾಕ್ಸ್ ಇದೆ. 2018ರ ಜೂನ್ 21ರ ಅಲ್ಲಿನ ಸುಪ್ರೀಂ ಕೋರ್ಟಿನ ವೇಫೇರ್ ತೀರ್ಪಿನ ನಂತರ, ತಮ್ಮಲ್ಲಿ ಅಂಗಡಿ ಇಲ್ಲದವರಿಂದಲೂ ರಾಜ್ಯಗಳು ತೆರಿಗೆ ಕೇಳಬಹುದು. ಹಲವು ರಾಜ್ಯಗಳ ಮಿತಿ 1,00,000 ಡಾಲರ್, ಟೆಕ್ಸಾಸ್‌ನಲ್ಲಿ 5,00,000. ಕ್ಯಾಲಿಫೋರ್ನಿಯಾ ಆನ್‌ಲೈನ್ ಸಾಫ್ಟ್‌ವೇರ್ ಚಂದಾಕ್ಕೆ ತೆರಿಗೆ ಹಾಕುವುದಿಲ್ಲ, ನ್ಯೂಯಾರ್ಕ್ ಹಾಕುತ್ತದೆ. ಸಣ್ಣವರು ರಾಜ್ಯವಾರು ಮಾರಾಟದ ಪಟ್ಟಿ ಇಟ್ಟು ಮಿತಿಯ ಮೇಲೆ ಕಣ್ಣಿಟ್ಟರೆ ಸದ್ಯಕ್ಕೆ ಸಾಕು.

ಅಮೆರಿಕದ ಸಂಸ್ಥೆಗಳು ಹಣ ಕೊಡುವ ಮೊದಲು ಡಬ್ಲ್ಯು-8 ನಮೂನೆ ಕೇಳುತ್ತವೆ. ಒಬ್ಬರೇ ನಡೆಸುವ ವ್ಯವಹಾರಕ್ಕೆ ಡಬ್ಲ್ಯು-8ಬೆನ್, ಕಂಪನಿಗೆ ಡಬ್ಲ್ಯು-8ಬೆನ್-ಇ. ಇದನ್ನು ಅಲ್ಲಿನ ತೆರಿಗೆ ಇಲಾಖೆಗೆ ಕಳಿಸುವುದಲ್ಲ, ಹಣ ಕೊಡುವವರ ಕೈಗೆ ಕೊಡುವುದು. ಸಹಿ ಮಾಡಿದ ವರ್ಷದ ನಂತರದ ಮೂರನೆಯ ವರ್ಷದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಭಾರತದಲ್ಲಿ ಕೂತು ಮಾಡಿದ ಸೇವೆಯ ಹಣ ಅಮೆರಿಕದಲ್ಲಿ ಹುಟ್ಟಿದ ಆದಾಯವಲ್ಲ, ಅದಕ್ಕೆ ಅಲ್ಲಿ ಕಡಿತ ಇಲ್ಲ. ಬಿಲ್ಲಿನಲ್ಲಿ ಅಂದಕ್ಕೆಂದು "ರಾಯಲ್ಟಿ", "ಲೈಸೆನ್ಸ್ ಶುಲ್ಕ" ಎಂದು ಬರೆದರೆ ಮಾತ್ರ 30 ಪ್ರತಿಶತ ಕಡಿತದ ಪ್ರಶ್ನೆ ಏಳುತ್ತದೆ. ಎರಡು ದೇಶಗಳ ಒಪ್ಪಂದ ತೋರಿಸಿದರೂ ಸಾಮಾನ್ಯವಾಗಿ 15ಕ್ಕೆ ಇಳಿಯಬಹುದು ಅಷ್ಟೆ.

8. ಮಕ್ಕಳ ಡೇಟಾ

ಯುರೋಪಿನಲ್ಲಿರುವವರಿಗೆ ಸೇವೆ ಮಾರುವ ಹೊರಗಿನವರಿಗೂ 2018ರ ಮೇ 25ರಿಂದ ಜಾರಿಯಲ್ಲಿರುವ ಒಕ್ಕೂಟದ ಡೇಟಾ ಕಾನೂನು ಜಿಡಿಪಿಆರ್ ಅನ್ವಯಿಸುತ್ತದೆ. ತಿಂಗಳು ತಿಂಗಳೂ ಚಂದಾ ಪಡೆಯುವುದು "ಅಪರೂಪದ ವ್ಯವಹಾರ" ಅಲ್ಲದ್ದರಿಂದ 27ನೇ ವಿಧಿಯಂತೆ ಒಕ್ಕೂಟದೊಳಗೆ ಒಬ್ಬ ಪ್ರತಿನಿಧಿಯನ್ನು ಬರಹದಲ್ಲಿ ನೇಮಿಸಬೇಕು. ಸಣ್ಣ ಸಂಸ್ಥೆಗಳು ಹೆಚ್ಚಾಗಿ ಬಿಟ್ಟುಬಿಡುವ ಹೆಜ್ಜೆ ಇದು.

ಇಲ್ಲಿ ಎರಡು ಪಾತ್ರ ಬೇರ್ಪಡಿಸಿಕೊಳ್ಳಿ. ತಾಯಿ ನೇರವಾಗಿ ಆ್ಯಪ್‌ನಲ್ಲಿ ಮಗುವಿನ ಹೆಸರು ತುಂಬಿದರೆ ಡೇಟಾದ ಒಡೆತನದ ಹೊಣೆ ನಿಮ್ಮದು. ಆಕೆಯೇ ಕೊಟ್ಟದ್ದರಿಂದ ಕಾನೂನಿನ ಅರ್ಥದಲ್ಲಿ ಅದು ಗಡಿಯಾಚೆಯ ವರ್ಗಾವಣೆ ಅಲ್ಲ. ಮ್ಯೂನಿಕ್‌ನ ಒಂದು ಕನ್ನಡ ಶಾಲೆ 40 ಮಕ್ಕಳ ಪಟ್ಟಿ ಕಳಿಸಿದರೆ ಶಾಲೆ ಒಡೆಯ, ನೀವು ಕೆಲಸಗಾರ, ಅದು ವರ್ಗಾವಣೆ. ಆಗ 2021ರ ಜೂನ್ 4ರಂದು ಯುರೋಪಿಯನ್ ಕಮಿಷನ್ ಹೊರಡಿಸಿದ ಮಾದರಿ ಷರತ್ತುಗಳ ಎರಡನೇ ಮಾಡ್ಯೂಲ್ ಬೇಕು, 28ನೇ ವಿಧಿ ಕೇಳುವ ಕರಾರೂ ಅದರಲ್ಲೇ ಸೇರಿದೆ. ಷರತ್ತಿನ ಪಠ್ಯ ಮುಟ್ಟುವಂತಿಲ್ಲ, ಅನುಬಂಧಗಳನ್ನು ಮಾತ್ರ ತುಂಬಬೇಕು. ಅನುಬಂಧ ಖಾಲಿ ಬಿಟ್ಟು ಸಹಿ ಹಾಕಿದ ಕರಾರು ಕರಾರೇ ಅಲ್ಲ.

ಮಕ್ಕಳ ಒಪ್ಪಿಗೆಯ ವಯಸ್ಸು ಜರ್ಮನಿಯಲ್ಲಿ 16, ಬ್ರಿಟನ್ನಿನಲ್ಲಿ 13. ಅಮೆರಿಕದ ಕೊಪ್ಪಾ ಕಾಯ್ದೆ 13ರೊಳಗಿನವರಿಗೆ ಪೋಷಕರ ದೃಢಪಟ್ಟ ಒಪ್ಪಿಗೆ ಕೇಳುತ್ತದೆ. ನಮ್ಮ 2023ರ ಡಿಪಿಡಿಪಿ (ವೈಯಕ್ತಿಕ ಡೇಟಾ ರಕ್ಷಣೆ) ಕಾಯ್ದೆಗೆ 18ರೊಳಗಿನವರೆಲ್ಲ ಮಕ್ಕಳೇ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಹೊರದೇಶದವರ ಜೊತೆಗಿನ ಕರಾರಿನಂತೆ ಭಾರತದಲ್ಲಿಲ್ಲದವರ ಡೇಟಾ ನಿರ್ವಹಿಸುವವರಿಗೆ 17ನೇ ವಿಧಿ ಹಲವು ಕರ್ತವ್ಯಗಳಿಂದ ಬಿಡುಗಡೆ ಕೊಡುತ್ತದೆ, ಆದರೆ ಭದ್ರತೆಯ ಹೊಣೆ ಬಿಡುವುದಿಲ್ಲ. ಪುಟದಲ್ಲಿ ಮಗುವಿನ ಖಾತೆಯನ್ನು ಯಾವಾಗಲೂ ಪೋಷಕರೇ ತೆರೆಯುವಂತೆ ಮಾಡಿದರೆ ಈ ವಯಸ್ಸಿನ ಕಗ್ಗಂಟು ಬಹುಪಾಲು ಸಡಿಲವಾಗುತ್ತದೆ.

ಸೋರಿಕೆ ಆದರೆ ಎರಡು ಗಡಿಯಾರ ಓಡುತ್ತವೆ. 2022ರ ಏಪ್ರಿಲ್ 28ರ ಆದೇಶದಂತೆ ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ, ಯುರೋಪಿನ ಪ್ರಾಧಿಕಾರಕ್ಕೆ 72 ಗಂಟೆಯೊಳಗೆ. ಶನಿವಾರ ರಾತ್ರಿ ಸರ್ವರ್ ಒಡೆದರೆ ಸೋಮವಾರ ಆಡಿಟರಿಗೆ ಫೋನ್ ಮಾಡೋಣ ಎನ್ನುವಂತಿಲ್ಲ. ಎರಡು ವರದಿಗಳ ಕರಡನ್ನೂ ಇವತ್ತೇ ಬರೆದಿಡಿ. ಆ ರಾತ್ರಿ ತುಂಬಬೇಕಾದ್ದು ದಿನಾಂಕ, ಸಂಖ್ಯೆ ಮಾತ್ರ ಇರಲಿ. ಸರ್ವರ್ ಲಾಗ್ 180 ದಿನ ಉಳಿದಿರಬೇಕು.

ಕಡತ ಎಷ್ಟು ವರ್ಷ ಇಡಬೇಕು ಎಂಬಲ್ಲಿ ಕಾನೂನುಗಳು ಎದುರುಬದುರು ನಿಲ್ಲುತ್ತವೆ. ಜಿಎಸ್‌ಟಿಗೆ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು, ಒಎಸ್‌ಎಸ್‌ಗೆ 10 ವರ್ಷ. ಜಿಡಿಪಿಆರ್ ಹೇಳುವುದು ಅಗತ್ಯ ಮುಗಿದ ಮೇಲೆ ಅಳಿಸಿ ಎಂದು. ಪರಿಹಾರ ಡೇಟಾಬೇಸಿನಲ್ಲಿದೆ. ಬಿಲ್ಲು, ವಿಳಾಸ, ಐಪಿ, ಕಾರ್ಡಿನ ದೇಶ ಇವು ಒಂದು ಕೋಷ್ಟಕದಲ್ಲಿ, 10 ವರ್ಷದ ಗಡುವಿನೊಂದಿಗೆ. ಮಗುವಿನ ಹೆಸರು, ಧ್ವನಿ ಮುದ್ರಿಕೆ, ಅಂಕಗಳು ಇನ್ನೊಂದರಲ್ಲಿ, ಚಂದಾ ನಿಂತು 90 ದಿನಕ್ಕೋ ನೀವು ನೀತಿಯಲ್ಲಿ ಬರೆದಷ್ಟು ದಿನಕ್ಕೋ ತಾನಾಗಿ ಅಳಿಯುವಂತೆ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿ ಇಟ್ಟುಬಿಟ್ಟರೆ ಆಮೇಲೆ ಒಂದನ್ನು ಅಳಿಸದೆ ಇನ್ನೊಂದನ್ನು ಉಳಿಸಲಾಗದು. ಇದನ್ನೂ ಮೊದಲ ಗ್ರಾಹಕರು ಬರುವ ಮುಂಚೆಯೇ ಆ ಪ್ರೋಗ್ರಾಮರ್‌ಗೆ ಹೇಳಿ.